ಹಬೇಶಾ ಕಲೆಯನ್ನು ಡಿಜಿಟಲ್ ಆಗಿ ಉಳಿಸಲು ಎಲ್ಲಿಂದ ಶುರು ಮಾಡಬೇಕು?

ಇಥಿಯೋಪಿಯಾ, ಎರಿಟ್ರಿಯಾದ ಹಬೇಶಾ ಜನರ ಚಿತ್ರ, ವಿನ್ಯಾಸಗಳನ್ನು ಡಿಜಿಟಲ್ ಆಗಿ ಕಾಪಿಡಬೇಕು, ಚರ್ಮದ ಹಸ್ತಪ್ರತಿಗಳಿಂದಲೇ ಶುರು ಮಾಡಲೇ ಅಂತ ಕೇಳಿದ್ದೀರಿ. ತಾಳೆಗರಿ ಸ್ಕ್ಯಾನ್ ಮಾಡುವ ಕೆಲಸ ನನ್ನದು. ಹಸ್ತಪ್ರತಿ ಅಂದರೆ ನನಗೂ ಜೀವ. ಆದರೂ ಹೇಳುತ್ತೇನೆ, ಬಟ್ಟೆಯಿಂದ ಶುರು ಮಾಡಿ.

ಹಸ್ತಪ್ರತಿಗಳಿಗೆ ದಿಕ್ಕಿದೆ. 1973ರಲ್ಲೇ ಇಥಿಯೋಪಿಯಾದಲ್ಲಿ ಅಮೆರಿಕದ ಮಿನ್ನೆಸೋಟದ ಗ್ರಂಥಾಲಯವೊಂದರ ಜೊತೆ ಸೇರಿ ಮೈಕ್ರೋಫಿಲ್ಮ್ ಕೆಲಸ ಆರಂಭವಾಯಿತು. ಸಾವಿರಾರು ಪ್ರತಿಗಳು ದಾಖಲಾದವು, ಇಥಿಯೋಪಿಯಾದ ವಿದ್ವಾಂಸ ಗೆಟಚೆವ್ ಹೈಲೆಯವರು ವರ್ಷಗಟ್ಟಲೆ ಕೂತು ಸೂಚಿ ಬರೆದರು. ಮುಂದೆ ಹ್ಯಾಂಬರ್ಗ್ ವಿಶ್ವವಿದ್ಯಾಲಯದವರು ಉತ್ತರ ಇಥಿಯೋಪಿಯಾದ ಟಿಗ್ರಾಯ್‌ನ ಚರ್ಚುಗಳಿಗೇ ಕ್ಯಾಮೆರಾ ಹೊತ್ತು ಹೋದರು. 2020ರಲ್ಲಿ ಅಲ್ಲಿ ಯುದ್ಧ ಶುರುವಾದ ಮೇಲೆ ಆ ಫೋಟೋಗಳ ಬೆಲೆ ಗೊತ್ತಾಯಿತು.

ನೇಯ್ಗೆಗೆ ಅಷ್ಟು ಆಸರೆಯಿಲ್ಲ. ನೆಟೆಲಾ ಅನ್ನುವ ತೆಳು ಹತ್ತಿ ಹೊದಿಕೆಯ ಅಂಚಿನಲ್ಲಿ ಬರುವ ಬಣ್ಣದ ಚಿತ್ತಾರವೇ ತಿಬೆಬ್. ಅಡಿಸ್ ಅಬಾಬಾದ ಶಿರೋ ಮೇಡಾ ಕಡೆ ದಕ್ಷಿಣ ಇಥಿಯೋಪಿಯಾದ ದೋರ್ಜೆ ಸಮುದಾಯದ ನೇಕಾರರು ಎಳೆ ಎಣಿಸಿ, ಬಣ್ಣದ ನೂಲನ್ನು ಹೊಕ್ಕಿನ ಜೊತೆ ಕೈಯಲ್ಲೇ ಸೇರಿಸಿ ಅದನ್ನು ನೇಯುತ್ತಾರೆ. ಹಾಗಾಗಿ ಮುಂಭಾಗದ ಫೋಟೋ ಸಾಲದು. ಹಿಂಭಾಗ ತೆಗೆಯಿರಿ, ನೂಲು ಎಲ್ಲಿ ತಿರುಗಿತು ಅನ್ನುವುದು ಅಲ್ಲೇ ಕಾಣುವುದು. ಪಕ್ಕದಲ್ಲಿ ಅಳತೆಪಟ್ಟಿ, ಬಣ್ಣದ ಕಾರ್ಡ್ ಇರಲಿ. ಮಗ್ಗದ ಮೇಲೆ ಕೈ ಆಡುವುದನ್ನು ವಿಡಿಯೋ ಮಾಡಿ. ಉಟ್ಟಾಗಲೂ ತೆಗೆಯಿರಿ: ಚರ್ಚಿಗೆ ಹೊದೆಯುವ ರೀತಿಯೇ ಬೇರೆ, ಸಾವಿನ ಮನೆಗೆ ಹೊದೆಯುವ ರೀತಿಯೇ ಬೇರೆ. ಮೇಜಿನ ಮೇಲೆ ಹರಡಿದ ಬಟ್ಟೆ ಇದನ್ನು ಹೇಳುವುದಿಲ್ಲ.

ಒಂದು ತಕರಾರಿದೆ. ಯಂತ್ರದಲ್ಲಿ ಅಚ್ಚು ಹಾಕಿದ ನಕಲು ಈಗಾಗಲೇ ಮಾರುಕಟ್ಟೆಯಲ್ಲಿದೆ. ನೀವು ದೊಡ್ಡ ಫೈಲನ್ನು ಎಲ್ಲರಿಗೂ ತೆರೆದಿಟ್ಟರೆ ನಕಲು ಮಾಡುವವನಿಗೆ ಕೆಲಸ ಸಲೀಸು! ಚಿಕ್ಕ ಚಿತ್ರ ಎಲ್ಲರಿಗೆ, ಮೂಲ ಫೈಲು ನೇಕಾರ ಒಪ್ಪಿದವರಿಗೆ ಮಾತ್ರ. ಅವನ ಹೆಸರು ಹಾಕಲೇ ಅಂತ ಅವನನ್ನೇ ಕೇಳಿ.

ಎಲ್ಲವನ್ನೂ ಚಿತ್ರ ತೆಗೆಯುವ ಹಟವೂ ಬೇಡ. ಚರ್ಚಿನ ಗರ್ಭಗುಡಿಯಲ್ಲಿಡುವ ಪವಿತ್ರ ಹಲಗೆ, ಅಂದರೆ ತಾಬೋತ್, ಪಾದ್ರಿಗಳಲ್ಲದವರ ಕಣ್ಣಿಗೆ ಬೀಳಬಾರದು. 1868ರಲ್ಲಿ ಇಥಿಯೋಪಿಯಾದ ಮಕ್ದಲಾ ಕೋಟೆಯಿಂದ ಬ್ರಿಟಿಷರು ಹೊತ್ತೊಯ್ದ ತಾಬೋತ್‌ಗಳನ್ನು ಬ್ರಿಟಿಷ್ ಮ್ಯೂಸಿಯಂ ತನ್ನ ಸಿಬ್ಬಂದಿಗೂ ತೋರಿಸದೆ ಇಟ್ಟಿದೆ. (ವಾಪಸ್ ಕೊಟ್ಟಿದ್ದರೆ ಈ ಮರ್ಯಾದೆ ಇನ್ನೂ ಚೆನ್ನಾಗಿರುತ್ತಿತ್ತು.)

ಹೆಸರುಗಳನ್ನು ಇಂಗ್ಲಿಷಿನಲ್ಲಿ ಮಾತ್ರವಲ್ಲ, ಅಲ್ಲಿನವರು ಬಳಸುವ ಗೀಝ್ ಲಿಪಿಯಲ್ಲೂ ದಾಖಲಿಸಿ. ಯುನಿಕೋಡ್‌ನಲ್ಲಿ ಅದು ಎಂದೋ ಬಂದಿದೆ. ಸಂಗ್ರಹದ ಒಂದು ಪೂರ್ಣ ಪ್ರತಿಯನ್ನು ಅಡಿಸ್ ಅಬಾಬಾ ವಿಶ್ವವಿದ್ಯಾಲಯದ ಇಥಿಯೋಪಿಯನ್ ಅಧ್ಯಯನ ಸಂಸ್ಥೆಗೆ ಕೊಡಲು ಮೊದಲೇ ಮಾತಾಡಿಕೊಳ್ಳಿ.