ಹಗಲೆಲ್ಲ ಮಲಗುವ ಮಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆತನಿಗೆ 27 ವರ್ಷ. ಇಲ್ಲದ ದನಿಗಳು ಕೇಳಿಸುವ, ಅನುಮಾನ ಕಾಡುವ ಮನೋರೋಗ ಸ್ಕಿಜೋಫ್ರೀನಿಯಾಗೆ ಚಿಕಿತ್ಸೆ ನಡೆದಿದೆ. ಜೊತೆಗೆ ಬಂದಿದ್ದ ತಾಯಿ ಕೂರುವ ಮೊದಲೇ ಶುರು ಮಾಡಿದರು: "ರಾತ್ರಿಯೆಲ್ಲ ಎದ್ದಿರ್ತಾನೆ ಮೇಡಂ, ಮಧ್ಯಾಹ್ನದವರೆಗೂ ಹಾಸಿಗೆ ಬಿಡಲ್ಲ. ಸೋಮಾರಿಯಾಗಿಬಿಟ್ಟಿದ್ದಾನೆ."

ಆತನೊಬ್ಬನ ಜೊತೆ ಮಾತಾಡುವಾಗ ಕೇಳಿದೆ, "ಎಲ್ಲರೂ ಮಲಗಿದ ಮೇಲೆ ಏನಾಗುತ್ತೆ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಟಿವಿ ಆಫ್ ಆದ್ಮೇಲೆ ದನಿಗಳು ಜೋರಾಗ್ತವೆ. ಕಣ್ಣು ಮುಚ್ಚಿದ್ರೆ ಹೆಸರು ಹಿಡಿದು ಬೈತಾವೆ. ಬೆಳಗ್ಗೆ ಅಮ್ಮ ಎದ್ದು ಪಾತ್ರೆ ಸದ್ದು ಮಾಡಿದ್ರೆ ಧೈರ್ಯ ಬರುತ್ತೆ. ಆಗ ನಿದ್ದೆ ಹತ್ತುತ್ತೆ."

ಇದನ್ನು ಸೋಮಾರಿತನ ಅನ್ನೋಕಾಗುತ್ತಾ?

ಮಾತಾಡುವಷ್ಟು ಹೊತ್ತೂ ಆತನ ಕಾಲು ಒಂದು ಕಡೆ ನಿಲ್ಲಲಿಲ್ಲ. ಎರಡು ಸಲ ಎದ್ದು ಓಡಾಡಿದ. ಮಾತ್ರೆಯ ಡೋಸ್ ಇತ್ತೀಚೆಗೆ ಹೆಚ್ಚಾಗಿತ್ತಂತೆ. ಈ ಕಾಯಿಲೆಯ ಕೆಲವು ಮಾತ್ರೆಗಳಿಂದ ಇಂಥ ಚಡಪಡಿಕೆ ಬರುತ್ತದೆ. ಅದಕ್ಕೆ ಅಕಥೀಸಿಯಾ ಎನ್ನುತ್ತಾರೆ. ಮಲಗಲೂ ಬಿಡದ ಹಿಂಸೆ ಅದು. ನೋಡಿದವರು ಕಾಯಿಲೆಯೇ ಜಾಸ್ತಿಯಾಯಿತು ಅಂದುಕೊಳ್ಳುತ್ತಾರೆ. ಮನೋವೈದ್ಯರಿಗೆ ಪತ್ರ ಬರೆದುಕೊಟ್ಟೆ. ಅವರು ಔಷಧಿಯಲ್ಲಿ ಬದಲಾವಣೆ ಮಾಡಿದರು. ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಹೊತ್ತನ್ನೂ ಬದಲಿಸಬೇಡಿ ಎಂದು ಇಬ್ಬರಿಗೂ ಒತ್ತಿ ಹೇಳಿದೆ.

ದನಿಗಳ ವಿಷಯಕ್ಕೆ, ಕೋಣೆಯಲ್ಲಿ ರೇಡಿಯೋ ಮೆಲ್ಲಗೆ ಹಾಕಿಕೊಂಡು ಮಲಗಲು ಹೇಳಿದೆ. ಕತ್ತಲು ಕಷ್ಟ ಅನಿಸಿದರೆ ಸಣ್ಣ ದೀಪ ಇರಲಿ. ನಿದ್ದೆ ಬರದಿದ್ದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಬೇರೆ ಕಡೆ ಕೂತು, ಕಣ್ಣು ಎಳೆದಾಗ ಬರಲಿ. ಮಧ್ಯಾಹ್ನದ ಮೇಲೆ ಕಾಫಿ, ಟೀ ಬೇಡ.

ತಾಯಿ ಆರಕ್ಕೇ ಎಬ್ಬಿಸಲು ನೋಡುತ್ತಿದ್ದರು. ಹಾಗೆ ಮಾಡಬೇಡಿ ಅಂದೆ. ನಿದ್ದೆಗೆಟ್ಟರೆ ಈ ಕಾಯಿಲೆ ಕೆರಳಬಹುದು. ಅದಕ್ಕೇ, ನಿದ್ದೆ ಬಾರದ ಬೇರೆಯವರಿಗೆ ಹೇಳುವಂತೆ ಮಲಗುವ ಹೊತ್ತನ್ನು ಬಿಗಿಯಾಗಿ ಕಡಿತ ಮಾಡಿ ಅಂತ ಇವರಿಗೆ ನಾನು ಹೇಳುವುದಿಲ್ಲ. ಏಳುವ ಹೊತ್ತನ್ನು ಕೆಲವು ದಿನಕ್ಕೊಮ್ಮೆ ಅರ್ಧ ಗಂಟೆ ಬೇಗ ಮಾಡುತ್ತಾ ಬಂದರೆ ಸಾಕು. ಎದ್ದ ತಕ್ಷಣ ಹೊರಗಿನ ಬೆಳಕಲ್ಲಿ ಇಬ್ಬರೂ ನಡೆದು ಬರಲಿ. ದೇಹದ ಗಡಿಯಾರ ಸರಿಹೋಗಲು ಬೆಳಗಿನ ಬೆಳಕು ತುಂಬಾ ನೆರವಾಗುತ್ತದೆ.

ಈಗ ಕಾಲಿನ ಚಡಪಡಿಕೆ ಕಡಿಮೆಯಾಗಿದೆ. ದನಿಗಳು ಪೂರ್ತಿ ಹೋಗಿಲ್ಲ. ಆದರೂ ಒಂಬತ್ತಕ್ಕೆ ಏಳುತ್ತಾನೆ.

ತಾಯಿಗೆ ಇನ್ನೊಂದು ಮಾತು ಹೇಳಿ ಕಳಿಸಿದೆ: ಎರಡು ಮೂರು ರಾತ್ರಿ ನಿದ್ದೆಯೇ ಇಲ್ಲದೆ ಅನುಮಾನ, ಹೆದರಿಕೆ ಜಾಸ್ತಿಯಾದರೆ ಮುಂದಿನ ಭೇಟಿಗೆ ಕಾಯಬೇಡಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.