ಪ್ರತಿ: ಟಾಮ್ ಬ್ಯೂಕ್ಯಾನನ್ ಬಗ್ಗೆ ಬರೆದದ್ದು ಬರೀ ಬೈಗುಳ ಆಗ್ತಿದೆ

ಟಾಮ್ ಬಗ್ಗೆ ಬರೆದದ್ದು ಬರೀ ಬೈಗುಳ ಆಗ್ತಿದೆ ಅಂದಿರಿ. ಫಿಟ್ಜ್‌ಜೆರಾಲ್ಡ್‌ನ ಕಾದಂಬರಿ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯ (1925) ಈ ಶ್ರೀಮಂತನ ತಪ್ಪುಗಳನ್ನು ಪಟ್ಟಿ ಮಾಡಿದ್ದೀರಿ, ಅವನ್ನು ಮಾಡಿಯೂ ಅವನು ಹೇಗೆ ಪಾರಾಗುತ್ತಾನೆ ಅಂತ ಕೇಳಿಲ್ಲ. ಬಹುಶಃ ಅದೇ ಸಮಸ್ಯೆ. ಇದಕ್ಕೆ ಕಾದಂಬರಿಯ ಮೂರು ದೃಶ್ಯ ಸಾಕು. ಮೊದಲು 2ನೇ ಅಧ್ಯಾಯ: ತನ್ನ ಹೆಂಡತಿ ಡೇಸಿಯ ಹೆಸರೆತ್ತಿದ್ದಕ್ಕೆ ಪ್ರೇಯಸಿ ಮರ್ಟಲ್‌ಳ ಮೂಗನ್ನು ಹೊಡೆದು ಮುರಿಯುತ್ತಾನೆ, ಶಿಕ್ಷೆಯೇ ಇಲ್ಲ. ಆಮೇಲೆ 7ನೇ ಅಧ್ಯಾಯದ ಪ್ಲಾಜಾ ಹೋಟೆಲ್: ಡೇಸಿಯನ್ನು ಪ್ರೀತಿಸುವ ಗ್ಯಾಟ್ಸ್‌ಬಿಯ ಜೊತೆ ಟಾಮ್‌ನ ಜಗಳ. ಇಲ್ಲಿ ನಿಧಾನಿಸಿ: ಗ್ಯಾಟ್ಸ್‌ಬಿಯ ಕಳ್ಳ ಮದ್ಯದ ವ್ಯಾಪಾರದ ಬಗ್ಗೆ ಟಾಮ್ ಹೇಳುವುದು ನಿಜ, ಆ ನಿಜವನ್ನೇ ಕೋಲು ಮಾಡಿಕೊಂಡು ಬಡಿಯುತ್ತಾನೆ. ಇದನ್ನು ಒಪ್ಪದಿದ್ದರೆ ಬರಹ ಏಕಮುಖವಾಗುತ್ತದೆ. ಕೊನೆಗೆ 9ನೇ ಅಧ್ಯಾಯ: ಮರ್ಟಲ್ ಕಾರಿಗೆ ಸಿಕ್ಕಿ ಸತ್ತ ಮೇಲೆ ಅವಳ ಗಂಡ ವಿಲ್ಸನ್‌ಗೆ ಗ್ಯಾಟ್ಸ್‌ಬಿಯ ಹೆಸರು ಕೊಟ್ಟದ್ದು (ವಿಲ್ಸನ್ ಅವನನ್ನು ಕೊಂದ) ಸರಿಯೆಂದೇ ಟಾಮ್ ವಾದಿಸುತ್ತಾನೆ. ಆ ಕಾರು ಓಡಿಸಿದ್ದು ಡೇಸಿ ಅಂತ ಟಾಮ್‌ಗೆ ಗೊತ್ತಿತ್ತೇ? ಕಾದಂಬರಿ ನೇರವಾಗಿ ಹೇಳುವುದಿಲ್ಲ, ನೀವೂ ಖಚಿತವಾಗಿ ಬರೆಯಬೇಡಿ. ಮತ್ತೆ, ಕತೆ ಹೇಳುವವನು ಡೇಸಿಯ ಸಂಬಂಧಿ ನಿಕ್ (ಅವನೂ ಪೂರ್ತಿ ನಿಷ್ಪಕ್ಷಪಾತಿಯೇನಲ್ಲ). ಹಾಗಾಗಿ ಪ್ರತಿ ಉದ್ಧರಣೆಯ ಪಕ್ಕ ಅದು ಟಾಮ್ ಆಡಿದ ಮಾತೋ, ನಿಕ್ ಕೊಟ್ಟ ತೀರ್ಪೋ ಗುರುತು ಹಾಕಿಕೊಂಡು ಆಮೇಲೆ ಬರೆಯಲು ಕೂರಿ.