ಸಿಎನ್‌ಕ್ಯೂಎಕ್ಸ್ ಹಾಕಿದರೂ ಕರೆಂಟ್ ಪೂರ್ತಿ ನಿಲ್ಲುತ್ತಿಲ್ಲ, ಎನ್‌ಬಿಕ್ಯೂಎಕ್ಸ್ ತರಿಸಲೇ?

ಮಿದುಳಿನ ಕೋಶಗಳ ನಡುವಿನ ಸಂಕೇತದ ಕರೆಂಟನ್ನು ತಡೆಯುವ ಔಷಧಿ ಸಿಎನ್‌ಕ್ಯೂಎಕ್ಸ್. ಅದನ್ನು 10 ಮೈಕ್ರೊಮೋಲಾರ್ ಹಾಕಿ 20 ನಿಮಿಷ ಕಾದರೂ ಇಪಿಎಸ್‌ಸಿ (ಪಕ್ಕದ ಕೋಶದ ಸಂಕೇತ ಬಂದಾಗ ಹರಿಯುವ, ಕೋಶವನ್ನು ಕೆರಳಿಸುವ ಕರೆಂಟ್) ಅರ್ಧಕ್ಕರ್ಧ ಉಳಿದಿದೆ, ಅದೇ ಕೆಲಸದ ಎನ್‌ಬಿಕ್ಯೂಎಕ್ಸ್ ಇದಕ್ಕಿಂತ ಹೆಚ್ಚು ಸೆಲೆಕ್ಟಿವಾ ಅಂತ ಬರೆದಿದ್ದೀರಿ. ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಇದೇ ಸಾಲು ನನ್ನ ಲ್ಯಾಬ್ ನೋಟ್‌ಬುಕ್ಕಿನಲ್ಲಿ ನಾಲ್ಕು ತಿಂಗಳ ಉದ್ದಕ್ಕೂ ಇದೆ.

ಬೆಂಗಳೂರಿನಲ್ಲಿ ಪಿಎಚ್‌ಡಿ ಎರಡನೇ ವರ್ಷ. ಇಲಿಯ ಮಿದುಳಿನ ಹಿಪೊಕ್ಯಾಂಪಸ್ ಭಾಗದ 300 ಮೈಕ್ರಾನ್ ಸ್ಲೈಸ್, ಅದರ ಸಿಎ1 ಎಂಬ ಜಾಗದ ಕೋಶಕ್ಕೆ ಪ್ಯಾಚ್ (ಗಾಜಿನ ಪೈಪೆಟ್ ಅಂಟಿಸಿ ಕರೆಂಟ್ ಅಳೆಯುವುದು), ಮೈನಸ್ 70 ಮಿಲಿವೋಲ್ಟ್. ಆಂಪಾ, ಎನ್‌ಎಂಡಿಎ ಎರಡೂ ಗ್ಲುಟಮೇಟ್ ಎಂಬ ಸಂಕೇತ ರಾಸಾಯನಿಕಕ್ಕೆ ತೆರೆದುಕೊಳ್ಳುವ ರಿಸೆಪ್ಟರುಗಳು. ನನಗೆ ಬೇಕಿದ್ದದ್ದು ಎನ್‌ಎಂಡಿಎ ಕರೆಂಟ್ ಒಂದೇ. ಅದಕ್ಕೆ ಮೊದಲು ಆಂಪಾ ರಿಸೆಪ್ಟರುಗಳ ಬಾಯಿ ಮುಚ್ಚಿಸಬೇಕು. ಆ ಕೆಲಸಕ್ಕೆ ನಮ್ಮ ಲ್ಯಾಬಿನಲ್ಲಿ ಇದ್ದದ್ದು ಸಿಎನ್‌ಕ್ಯೂಎಕ್ಸ್. ಸೀನಿಯರ್ ಮಾಡಿಟ್ಟಿದ್ದ ಸ್ಟಾಕ್ (ಆಮೇಲೆ ತೆಳುಮಾಡಿ ಬಳಸುವ ಗಟ್ಟಿ ದ್ರಾವಣ) ಇರುವ ತನಕ ಎಲ್ಲ ಸರಿಯಾಗಿತ್ತು, ಹಾಕಿದ ಐದಾರು ನಿಮಿಷಕ್ಕೆ ಗೆರೆ ನೆಟ್ಟಗೆ ಮಲಗುತ್ತಿತ್ತು. ಸ್ಟಾಕ್ ಮುಗಿಯಿತು. ಹೊಸದನ್ನು ತರಿಸಲು ಇಂಡೆಂಟ್ ಬರೆದವನು ನಾನೇ.

ತಪ್ಪು ಆಗಿದ್ದು ಇಲ್ಲಿ. ಸ್ವಲ್ಪ ಉದ್ದವಾಗುತ್ತದೆ, ಓದಿ. ಕೆಟಲಾಗಿನಲ್ಲಿ ಸಿಎನ್‌ಕ್ಯೂಎಕ್ಸ್ ಅಂತ ಎರಡು ಸಾಲು ಇರುತ್ತವೆ. ಒಂದು ಬರೀ ಸಿಎನ್‌ಕ್ಯೂಎಕ್ಸ್, ಇನ್ನೊಂದರ ಮುಂದೆ ಡೈಸೋಡಿಯಂ ಸಾಲ್ಟ್ ಅಂತ. ನಾನು ನೋಡಿದ ಕಡೆ ಮೊದಲಿನದಕ್ಕೆ ಬೆಲೆ ಸ್ವಲ್ಪ ಕಡಿಮೆ ಇತ್ತು. ಹೆಸರು ಒಂದೇ ಅಲ್ಲವಾ, ಲ್ಯಾಬಿಗೆ ನಾಲ್ಕು ಕಾಸು ಉಳಿಸಿದೆ ಅಂದುಕೊಂಡು ಅದನ್ನೇ ಬರೆದೆ. ಆರು ವಾರಕ್ಕೆ 10 ಮಿಲಿಗ್ರಾಂ ಬಂತು. ರಿಗ್ (ಕರೆಂಟ್ ಅಳೆಯುವ ಉಪಕರಣ) ಪಕ್ಕದ ಗೋಡೆಗೆ ಸೀನಿಯರ್ ಬರೆದು ಅಂಟಿಸಿದ್ದ ಚೀಟಿಯಲ್ಲಿ 'ಸಿಎನ್‌ಕ್ಯೂಎಕ್ಸ್, 10 ಮಿಲಿಮೋಲಾರ್, ನೀರು' ಅಂತಷ್ಟೇ ಇತ್ತು. ಅದು ಸಾಲ್ಟಿನ ಲೆಕ್ಕ. ಸಾಲ್ಟ್ ನೀರಿನಲ್ಲಿ ಕರಗುತ್ತದೆ, ನನ್ನ ಕೈಯಲ್ಲಿದ್ದದ್ದು ಕರಗುವುದಿಲ್ಲ. ಅದಕ್ಕೆ ಡಿಎಂಎಸ್‌ಒ ಎಂಬ ದ್ರಾವಕ ಬೇಕು.

ಆಗ ನನಗೆ ಅದು ಗೊತ್ತಿರಲಿಲ್ಲ. 3.6 ಮಿಲೀ ನೀರು ಹಾಕಿ ಅಲ್ಲಾಡಿಸಿದೆ, ತಳದಲ್ಲಿ ಹಳದಿ ಪುಡಿ ಹಾಗೇ ಕೂತಿದೆ. ವೋರ್ಟೆಕ್ಸ್ ಮೇಲೆ ಹಿಡಿದೆ. ಸೋನಿಕೇಟರಿನಲ್ಲಿ ಕಾಲು ಗಂಟೆ ಇಟ್ಟೆ. 37 ಡಿಗ್ರಿ ವಾಟರ್ ಬಾತ್‌ನಲ್ಲಿ ತೇಲಿಬಿಟ್ಟೆ. ನೀರು ಹಳದಿ ತಿರುಗಿತು, ಆದರೆ ಬೆಳಕಿಗೆ ಹಿಡಿದರೆ ಕದಡಿದ ಹಾಗೆ, ಒಳಗೆ ಸಣ್ಣ ಕಣಗಳ ತೇಲಾಟ. ಅಷ್ಟಕ್ಕೇ ನಿಂತು ಯಾರನ್ನಾದರೂ ಕೇಳಿದ್ದರೂ ಬಚಾವಾಗುತ್ತಿದ್ದೆ. ಕೇಳಲಿಲ್ಲ. ಪ್ಯಾಚ್ ಮಾಡುವವರಿಗೆ ಪೈಪೆಟ್ಟಿನ ದ್ರಾವಣವನ್ನು ಸೋಸಿ ಸೋಸಿ ಕೈಗೆ ಅದೇ ಅಭ್ಯಾಸ. ಸಿರಿಂಜಿಗೆ 0.22 ಮೈಕ್ರಾನ್ ಫಿಲ್ಟರ್ ಸಿಕ್ಕಿಸಿ ಒತ್ತಿದೆ. ಕೆಳಗೆ ತಿಳಿಯಾದ, ನಸುಹಳದಿ ನೀರು ಇಳಿಯಿತು. ಖುಷಿಯೋ ಖುಷಿ. ಟ್ಯೂಬುಗಳಿಗೆ ಹಂಚಿ, ಮೇಲೆ '10 ಮಿಲಿಮೋಲಾರ್' ಅಂತ ಬರೆದು ಮೈನಸ್ 20ಕ್ಕೆ ಇಟ್ಟೆ. ಔಷಧಿಯ ಬಹುಪಾಲು ಫಿಲ್ಟರಿನ ಜೊತೆ ಕಸದ ಬುಟ್ಟಿಗೆ ಹೋಗಿತ್ತು.

ಆಮೇಲಿನ ನಾಲ್ಕು ತಿಂಗಳು ನಾನು ವಿಜ್ಞಾನಿ! ಅರ್ಧ ಕರೆಂಟ್ ಉಳಿಯುತ್ತಿದೆ ಅಂದರೆ ಸಿಎನ್‌ಕ್ಯೂಎಕ್ಸ್‌ಗೆ ಜಗ್ಗದ ಯಾವುದೋ ಹೊಸ ಕರೆಂಟ್ ಸಿಕ್ಕಿದೆ ಅಂತಲೇ ನಂಬಿದೆ. ಸ್ಲೈಡ್ ಮಾಡಿದೆ, ಬಾಣ ಗುರುತು ಹಾಕಿದೆ. ಲ್ಯಾಬ್ ಮೀಟಿಂಗಿನಲ್ಲಿ ಮೇಡಂ ಎಲ್ಲ ಕೇಳಿಸಿಕೊಂಡು, "ಉಳಿದದ್ದನ್ನ ದೊಡ್ಡದು ಮಾಡಿ ಮೊದಲಿನದರ ಮೇಲೆ ಇಟ್ಟು ತೋರಿಸು" ಅಂದರು. ಇಟ್ಟೆ. ಏರುವುದು, ಇಳಿಯುವುದು ಎಲ್ಲ ಒಂದರ ಮೇಲೊಂದು ಅಚ್ಚು ಹೊಡೆದ ಹಾಗೆ ಕೂತವು. "ಇದು ಬೇರೆ ಕರೆಂಟ್ ಅಲ್ಲಪ್ಪ, ಅದೇ ಕರೆಂಟ್, ಔಷಧಿ ಸಾಲದೇ ಇರೋದು" ಅಂದು ಮುಂದಿನವರನ್ನು ಕರೆದರು.

ಮರುದಿನ ಸೀನಿಯರ್ ಎದುರಿಗೆ ಹೊಸ ಸ್ಟಾಕ್ ಮಾಡುತ್ತಿದ್ದೆ. ಸಿರಿಂಜ್ ಒತ್ತುವಾಗ ಅವನು ಕೈ ಹಿಡಿದ. "ಏನೋ ಇದು, ಅರಿಶಿನ ಸೋಸ್ತಾ ಇದ್ದೀಯಾ?" ಬಿಳೀ ಪೊರೆ ಹಳದಿ ಆಗಿತ್ತು. ಅಷ್ಟು ದಿನವೂ ಆಗಿರಲೇಬೇಕು, ನಾನು ಕೆಳಗಿನ ಟ್ಯೂಬನ್ನೇ ನೋಡುತ್ತಿದ್ದೆ.

ಇನ್ನು ನಿಮ್ಮ ಪ್ರಶ್ನೆ, ಎರಡರಲ್ಲಿ ಯಾವುದು ಹೆಚ್ಚು ಸೆಲೆಕ್ಟಿವ್ ಅಂತ. ನನ್ನ ಪ್ರಕಾರ ಪ್ರಶ್ನೆಯೇ ತಪ್ಪು. ಸೆಲೆಕ್ಟಿವ್ ಅಲ್ಲದ ಔಷಧಿ ಬೇಡದ್ದನ್ನೂ ತಡೆಯುತ್ತದೆ. ತಡೆಯಬೇಕಾದ್ದನ್ನು ಅರ್ಧಕ್ಕೆ ಬಿಟ್ಟರೆ ಅದು ಸೆಲೆಕ್ಟಿವಿಟಿಯ ತಕರಾರಲ್ಲ. ಎನ್‌ಬಿಕ್ಯೂಎಕ್ಸ್ ಹೆಚ್ಚು ಚೊಕ್ಕ, ನಿಜ. ಸಿಎನ್‌ಕ್ಯೂಎಕ್ಸ್ ಎನ್‌ಎಂಡಿಎ ರಿಸೆಪ್ಟರಿನ ಗ್ಲೈಸೀನ್ ಜಾಗಕ್ಕೂ ಕೈ ಹಾಕುತ್ತದೆ. ಜಿಎಬಿಎ ಎಂಬ ರಾಸಾಯನಿಕ ಬಿಟ್ಟು ಪಕ್ಕದ ಕೋಶಗಳನ್ನು ತಣಿಸುವ ಕೆಲವು ಇಂಟರ್‌ನ್ಯೂರಾನ್‌ಗಳನ್ನು ಸುಮ್ಮನಿರಿಸುವ ಬದಲು ಕೆರಳಿಸುತ್ತದೆ ಕೂಡ. ಟಾರ್ಪ್ ಎಂಬ ಜೊತೆ ಪ್ರೋಟೀನ್ ಇದ್ದಾಗ ಅದು ಆಂಪಾ ರಿಸೆಪ್ಟರನ್ನು ಅಷ್ಟಿಷ್ಟು ತೆರೆಸುತ್ತದೆ ಅಂತ 2007ರಲ್ಲಿ ಹೊರಬಿತ್ತು. ಹಾಗಾಗಿ ಜಿಎಬಿಎ ಕಡೆಯ ಕೆಲಸ ಮಾಡುವವರು ಎನ್‌ಬಿಕ್ಯೂಎಕ್ಸ್ ತರಿಸಲಿ. ಎನ್‌ಎಂಡಿಎ ಅಳೆಯುತ್ತಿದ್ದ ನಾನೂ ಅದನ್ನೇ ತರಿಸಬೇಕಿತ್ತು. ಆದರೆ ಎನ್‌ಬಿಕ್ಯೂಎಕ್ಸ್‌ನಲ್ಲೂ ಇದೇ ಎರಡು ರೂಪ ಇವೆ, ಅದರಲ್ಲೂ ನೀರಿಗೆ ಒಗ್ಗುವುದು ಡೈಸೋಡಿಯಂ ಸಾಲ್ಟೇ. ಆಗ ಬದಲಾಯಿಸಿದ್ದರೆ ಅದನ್ನೂ ಸೋಸಿ ಎಸೆಯುತ್ತಿದ್ದೆ.

ಆದ್ದರಿಂದ ಇಂಡೆಂಟ್ ಬರೆಯುವ ಮೊದಲು ನಿಮ್ಮ ಸಿಎನ್‌ಕ್ಯೂಎಕ್ಸ್ ಬಾಟಲಿ ತಿರುಗಿಸಿ ನೋಡಿ. ಅಣುತೂಕ 276 ಇದ್ದರೆ ಸಾಲ್ಟ್, ನೀರು ಹಾಕಿ. 232 ಇದ್ದರೆ ಡಿಎಂಎಸ್‌ಒ. 10 ಮಿಲಿಗ್ರಾಂಗೆ 2.15 ಮಿಲೀ ಹಾಕಿದರೆ 20 ಮಿಲಿಮೋಲಾರ್ ಆಗುತ್ತದೆ. ಅದರಲ್ಲಿ 50 ಮೈಕ್ರೊಲೀಟರ್ ತೆಗೆದು 100 ಮಿಲೀ ಎಸಿಎಸ್‌ಎಫ್‌ಗೆ (ಸ್ಲೈಸ್ ಮುಳುಗಿಸಿಡುವ ಕೃತಕ ಮಿದುಳು ದ್ರವ) ಹಾಕಿದರೆ ನಿಮ್ಮ 10 ಮೈಕ್ರೊಮೋಲಾರ್, ಡಿಎಂಎಸ್‌ಒ 0.05 ಶೇಕಡಾ ಮಾತ್ರ. ಕಲಕುತ್ತಾ ಹಾಕಿ. ಡಿಎಂಎಸ್‌ಒ 18 ಡಿಗ್ರಿ ಸುಮಾರಿಗೇ ಗಟ್ಟಿಯಾಗುವ ವಸ್ತು. ಫ್ರೀಜರಿನಿಂದ ತೆಗೆದ ಟ್ಯೂಬ್ ಪೂರ್ತಿ ಕರಗುವ ತನಕ ಅಂಗೈಯಲ್ಲಿ ಹಿಡಿದುಕೊಳ್ಳಿ, ವೋರ್ಟೆಕ್ಸ್ ಮಾಡಿ, ಆಮೇಲೆ ಪೈಪೆಟ್ ಇಳಿಸಿ. ಎಸಿಎಸ್‌ಎಫ್ ಸೋಸಲೇಬೇಕಿದ್ದರೆ ಔಷಧಿ ಹಾಕುವ ಮೊದಲೇ ಸೋಸಿ.

ಬಾಟಲಿ ಸರಿ ಇದ್ದರೆ ಆಮೇಲೆ ಆಕಾರ. ಉಳಿದ ಕರೆಂಟ್ ನಿಧಾನಕ್ಕೆ ಏರಿ, ನೂರಾರು ಮಿಲಿಸೆಕೆಂಡ್ ಎಳೆದುಕೊಂಡು ಇಳಿಯುತ್ತಿದ್ದರೆ ಅದು ಎನ್‌ಎಂಡಿಎ. ಡಿ-ಎಪಿ5 50 ಮೈಕ್ರೊಮೋಲಾರ್ ಹಾಕಿದರೆ ಹೋಗುತ್ತದೆ (ಅದರ ಬಾಟಲಿಯ ಮೇಲೂ 'ಡಿ' ಇದೆಯೋ 'ಡಿಎಲ್' ಇದೆಯೋ ನೋಡಿ, ಡಿಎಲ್‌ನಲ್ಲಿ ಅರ್ಧ ದಂಡ). ಜಿಎಬಿಎ ಕರೆಂಟ್ ತಡೆಯುವ ಪಿಕ್ರೊಟಾಕ್ಸಿನ್ ಹಾಕದೇ, ಪೈಪೆಟ್ಟಿನಲ್ಲಿ ಕ್ಲೋರೈಡ್ ಜಾಸ್ತಿ ಇಟ್ಟುಕೊಂಡಿದ್ದರೆ ಜಿಎಬಿಎ ಕರೆಂಟೇ ನಿಮಗೆ ಇಪಿಎಸ್‌ಸಿಯಂತೆ ಕಾಣಿಸುತ್ತಿರಬಹುದು. ನನ್ನದರ ಹಾಗೆ ಅಚ್ಚು ಹೊಡೆದಂತೆ ಕೂತರೆ ಮಾತ್ರ ಸ್ಟಾಕ್ ಚೆಲ್ಲಿ, ಹೊಸದು ಮಾಡಿ.

ಸ್ಟಾಕ್ ಯಾವುದರಲ್ಲಿ ಮಾಡಿದಿರಿ ಅಂತ ನೀವು ಬರೆದೇ ಇಲ್ಲ. ಲೇಬಲ್ಲಿನ ಫೋಟೊ ಹಾಕಿ, ಕೆಟಲಾಗ್ ನಂಬರ್ ಕಾಣುವ ಹಾಗೆ.